ಮೇಲಿನ ತೂತು

೨ ಜನವರಿ ೧೯೭೯, ಅರಸೀಕೆರೆ

ಇವತ್ತು ರೆಕ್ಕೆ ಬಂತು. ತಗಡು ಕೆಲಸದ ಗಂಗಯ್ಯ ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡು, ದಾರಿಯುದ್ದಕ್ಕೂ ಜನರಿಂದ ಬೈಸಿಕೊಳ್ಳುತ್ತ ತಂದ. ಬಿಚ್ಚಿ ಗ್ಯಾರೇಜಿನ ಬೆಂಚಿನ ಮೇಲಿಟ್ಟು, "ಹದ್ದು ಅಂಗಾತ ಬಿದ್ದಂಗೈತೆ ನೋಡ್ರಪ್ಪ" ಅಂದ.

ಅವನು ಹೇಳಿದ್ದು ಸರಿ. ವಿಮಾನದ ರೆಕ್ಕೆಯನ್ನು ಗಾಳಿ ಮೇಲಕ್ಕೆತ್ತುತ್ತದೆ. ಅದನ್ನೇ ತಲೆಕೆಳಗು ಮಾಡಿ ರೇಸ್ ಕಾರಿನ ಹಿಂಬದಿಗೆ ಕಟ್ಟಿದರೆ ಗಾಳಿ ಹಿಂದಿನ ಚಕ್ರಗಳನ್ನು ನೆಲಕ್ಕೆ ಅಮುಕುತ್ತದೆ. ತಿರುವಿನಲ್ಲಿ ಕಾರು ಜಾರುವುದಿಲ್ಲ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಊರಿಗೆ ಪುಸ್ತಕ ಮಾರುವ ವ್ಯಾನು ಬಂದಾಗ ಕೊಂಡ ತೆಳ್ಳನೆ ಕಿರುಹೊತ್ತಿಗೆಗಳು ಕಲಿಸಿದವು.

ಫೆಬ್ರವರಿ ನಾಲ್ಕಕ್ಕೆ ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ರೇಸು. ಅಲ್ಲಿಗೆ ಬರುವ ಕಾರುಗಳು ಗಿರಣಿ ಮಾಲೀಕರವು, ಎಸ್ಟೇಟಿನವರವು, ಹಡಗಿನಲ್ಲಿ ತರಿಸಿದವು. ನಮ್ಮದು ಹಳೆಯ ಫಿಯಟ್ ಎಂಜಿನ್ನು, ಪೈಪು ಬೆಸೆದು ಕಟ್ಟಿದ ಚೌಕಟ್ಟು. ಕೊಬ್ಬರಿ ಮಂಡಿಯ ಹಿಂದಿನ ಗ್ಯಾರೇಜಿನಲ್ಲಿ ಹುಟ್ಟಿದ ಕಾರು ಅವರನ್ನೆಲ್ಲ ಹಿಂದೆ ಹಾಕಿದ ದಿನ, ನನ್ನ ಕರಪತ್ರದ ಪ್ರಶ್ನೆಗೆ ಉತ್ತರ ಸಿಗುತ್ತದೆ: ವೇಗ ಯಾರ ಸ್ವತ್ತು?

ಆ ಕರಪತ್ರದ ಕಟ್ಟು ಮಂಚದ ಕೆಳಗೇ ಇದೆ. ಹಂಚಬೇಕಾಗಿದ್ದ ಓದುಗರ ಬಳಗದವರು, ಕಾರಿನ ರೇಸು ಶ್ರೀಮಂತರ ಚಟ ಎಂದು ತೀರ್ಮಾನಿಸಿ ನನ್ನನ್ನು ಹೊರಗಿಟ್ಟರು. ಇರಲಿ. ಸತ್ಯಕ್ಕೆ ಬಹುಮತ ಬೇಕಿಲ್ಲ.

ಗ್ಯಾರೇಜು ನಂಜಪ್ಪಣ್ಣನದು, ಕಾರು ಓಡಿಸುವವರೂ ಅವರೇ. ನನಗಿಂತ ಹತ್ತು ವರ್ಷ ದೊಡ್ಡವರು. ಇವತ್ತು ಅವರಿಗೆ ನೇರವಾಗಿ ಹೇಳಿದೆ: ನಾವು ಸಮಾನರು. ನಾನು ನಿಮ್ಮನ್ನು ನೀವು ಎನ್ನುತ್ತೇನೆ, ನೀವು ನನ್ನನ್ನು ಏನ್ಲಾ ಎನ್ನುತ್ತೀರಿ. ಇದು ಊಳಿಗಮಾನ್ಯ ಕಾಲದ ಪಳೆಯುಳಿಕೆ.

ಅವರು ಸ್ಪ್ಯಾನರ್ ಕೆಳಗಿಟ್ಟು ಗಂಭೀರವಾಗಿ ಕೇಳಿಸಿಕೊಂಡರು. "ನೀನು ಹೇಳೋದು ನ್ಯಾಯವಾಗೈತೆ ಕಣ್ಲಾ. ಇನ್ಮೇಲೆ ಹಂಗನ್ನಾಕಿಲ್ಲ ಕಣ್ಲಾ."

ಇವರ ಜೊತೆ ಚಳವಳಿ ಕಟ್ಟಬೇಕು!

೬ ಜನವರಿ

ನಂಜಪ್ಪಣ್ಣನ ಹೆಂಡತಿ ಶಿವಗಂಗಮ್ಮ ಅತ್ತಿಗೆ ಮತ್ತೆ ಊಟಕ್ಕೆ ಕರೆದರು. ದೀಪ ಹಚ್ಚಿಯಾಗಿತ್ತು. ಬೇಡವೆಂದೆ. ನಾನು ಬಸದಿಗೆ ಹೋಗುವುದನ್ನು ಬಿಟ್ಟು ವರ್ಷಗಳಾದವು. ಆದರೂ ಹೊತ್ತು ಮುಳುಗಿದ ಮೇಲೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇದು ಧರ್ಮವಲ್ಲ, ಅಭ್ಯಾಸ. ಜೈನರ ಮನೆಯಲ್ಲಿ ಬೆಳೆದ ಹೊಟ್ಟೆ, ಬೆಳ್ಳುಳ್ಳಿಯೂ ಸೇರುವುದಿಲ್ಲ.

"ಒಂಟಿ ರೂಮಲ್ಲಿ, ಹಗಲೊತ್ನಲ್ಲಿ, ಬಾಗ್ಲಾಕ್ಕೊಂಡು ಉಣ್ಣೋದು. ಇದ್ಯಾವ ಸಮಾನತೆ ಅನಂತಣ್ಣ?" ಅಂದರು ಅತ್ತಿಗೆ.

"ನಮ್ದು ಒಂಬತ್ತಕ್ಕೆ. ಅಷ್ಟೊತ್ಗೆ ಇವ್ನು ಒಂದು ನಿದ್ದೆ ಮುಗಿಸಿರ್ತಾನೆ" ಅಂದರು ನಂಜಪ್ಪಣ್ಣ.

ಮಂಡಿಯ ತೂಕದ ಕೆಲಸ ಮುಗಿಸಿ, ಸ್ಟೇಷನ್ ರಸ್ತೆಯ ರೂಮಿನಲ್ಲಿ ಬೆಳಕಿರುವಾಗಲೇ ಅವಲಕ್ಕಿ ತಿಂದು ಬಂದಿದ್ದೆ. ಮತ್ತೆ ರೂಮಿಗೇ ಹೋದೆ. ರೈಲುಗಳು ಬಂದವು, ಹೋದವು. ಯಾವುದರಿಂದಲೂ ನನಗೆ ಗೊತ್ತಿರುವವರು ಇಳಿಯುವುದಿಲ್ಲ.

೧೦ ಜನವರಿ

ಈಗ ನಿಜವಾದ ಪ್ರಶ್ನೆ. ರೆಕ್ಕೆಯನ್ನು ಎಷ್ಟು ಎಬ್ಬಿಸಬೇಕು?

ಮುಂದಿನ ಅಂಚು ಕೀಲಿನ ಮೇಲೆ ನಿಂತಿದೆ. ಹಿಂದಿನ ಅಂಚನ್ನು ಹಿಡಿಯುವ ಪಟ್ಟಿಗೆ ಎರಡು ತೂತು. ಕೆಳಗಿನ ತೂತಿಗೆ ಬೋಲ್ಟ್ ಹಾಕಿದರೆ ರೆಕ್ಕೆ ಮಲಗುತ್ತದೆ. ನೇರ ದಾರಿಯಲ್ಲಿ ಗಾಳಿ ತಡೆಯುವುದಿಲ್ಲ, ಆದರೆ ತಿರುವಿನಲ್ಲಿ ಹಿಡಿತ ಕಡಿಮೆ. ಮೇಲಿನ ತೂತಿಗೆ ಹಾಕಿದರೆ ರೆಕ್ಕೆ ಏಳುತ್ತದೆ. ತಿರುವಿನಲ್ಲಿ ಕಾರು ನೆಲ ಕಚ್ಚುತ್ತದೆ, ಆದರೆ ನೇರ ದಾರಿಯಲ್ಲಿ ಯಾರೋ ಎದೆಗೆ ಕೈಕೊಟ್ಟು ಹಿಂದಕ್ಕೆ ನೂಕಿದ ಹಾಗೆ.

ಶೋಲಾವರಂ ಯುದ್ಧಕಾಲದ ವಿಮಾನದ ಓಡುದಾರಿ. ಬಹುಪಾಲು ನೇರ. ನಮ್ಮ ಎಂಜಿನ್ನಿಗೆ ಶಕ್ತಿ ಸಾಲದು. ಆದ್ದರಿಂದ ಮಲಗಿಸಲೇಬೇಕು ಎಂದು ನಾನು.

"ನೇರ ಮುಗಿಯೋ ಜಾಗದಲ್ಲಿ, ಕಾಲು ಪೂರ್ತಿ ಒತ್ತಿರೋವಾಗ್ಲೇ ತಿರುವು ಬತ್ತದೆ" ಅಂದರು ನಂಜಪ್ಪಣ್ಣ. ಹೋದ ವರ್ಷ ಅವರು ಅಲ್ಲಿಗೆ ನೋಡಲು ಹೋಗಿದ್ದರು. "ಬಾಲ ತಿರುಗಿದ್ರೆ ಹಿಡ್ಕೊಳ್ಳಾಕೆ ಅಲ್ಲಿ ಹುಲ್ಲಿನ ಬಣವೆ ಇರಾಕಿಲ್ಲ ಕಣ್ಲಾ. ಡ್ರಮ್ಮು ನಿಲ್ಲಿಸಿರ್ತಾರೆ."

ವಾದ ಬೇಡ, ಪರೀಕ್ಷೆ ಮಾಡೋಣ ಎಂದೆ. ರೆಕ್ಕೆಯ ಅಡಿಗೆ ತೆಳು ಎಣ್ಣೆಯಲ್ಲಿ ಪುಡಿ ಕಲಸಿ ಬಳಿದು ವೇಗವಾಗಿ ಓಡಿಸಬೇಕು. ಗಾಳಿ ಅಂಟಿಕೊಂಡು ಹರಿದರೆ ಎಣ್ಣೆ ಗೆರೆಗೆರೆಯಾಗಿ ಹಿಂದಿನ ಅಂಚಿನವರೆಗೆ ಹೋಗುತ್ತದೆ. ರೆಕ್ಕೆ ಅತಿಯಾಗಿ ಎದ್ದಿದ್ದರೆ ಗಾಳಿ ನಡುವೆಯೇ ಬಿಟ್ಟುಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಎಣ್ಣೆ ಹಂದಾಡುವುದಿಲ್ಲ. ಅಂಥ ರೆಕ್ಕೆ ಒತ್ತುವುದೂ ಇಲ್ಲ, ಓಡಲು ಬಿಡುವುದೂ ಇಲ್ಲ.

೧೪ ಜನವರಿ, ಸಂಕ್ರಾಂತಿ

ಹಬ್ಬದ ಬೆಳಗ್ಗೆ ಹಾರನಹಳ್ಳಿ ರಸ್ತೆ ಖಾಲಿಯಿರುತ್ತದೆಂದು ಇವತ್ತೇ ಹೋದೆವು. ಸೀಮೆಎಣ್ಣೆ ಸಿಗಲಿಲ್ಲ. ಕೊಬ್ಬರಿ ಎಣ್ಣೆಗೆ ಈ ಊರಿನಲ್ಲಿ ಬರವೇ? ಅತ್ತಿಗೆ ಒಲೆಯ ಪಕ್ಕದಿಂದ ಚೊಂಬು ತಂದುಕೊಟ್ಟರು. ಪುಡಿಗೆ ನಂಜಪ್ಪಣ್ಣ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು ಕುಟ್ಟಿದರು.

"ಹಬ್ಬದ ದಿನ ಮೈಗೆ ನೀರು ಹಾಕ್ಕೊಂಡಿಲ್ಲ, ಹಣೆಗೆ ಇಟ್ಕೊಂಡಿಲ್ಲ. ಕಾರಿನ ಕುಂಡಿಗೆ ವಿಭೂತಿ ಬಳೀತಾವ್ರೆ!" ಅತ್ತಿಗೆ ಬಾಗಿಲಲ್ಲಿ ನಿಂತು ಬೈದರು.

"ಅದ್ಕೂ ಲಿಂಗದೀಕ್ಷೆ ಆಗ್ಲಿ ಬಿಡೇ" ಅಂದರು ನಂಜಪ್ಪಣ್ಣ.

ಮಂಜು. ಬೆರಳುಗಳು ಮರಗಟ್ಟಿದ್ದವು. ಮೊದಲು ಮೇಲಿನ ತೂತಿಗೆ ಬೋಲ್ಟ್ ಹಾಕಿ ಓಡಿಸಿದರು. ವಾಪಸು ಬಂದಾಗ ನಾನು ಕಾರಿನ ಹಿಂದೆ ಅಂಗಾತ ಮಲಗಿ ಬ್ಯಾಟರಿ ಹಿಡಿದು ನೋಡಿದೆ. ಗೆರೆಗಳು ಅರ್ಧದವರೆಗೆ ಬಂದು ನಿಂತಿವೆ. ಹಿಂದಿನ ಅರ್ಧದಲ್ಲಿ ನಾನು ಬಳಿದ ಬೆರಳಿನ ಗುರುತು ಹಾಗೇ ಇದೆ!

ಹಬ್ಬದ ಪೂಜೆಗೆಂದು ಅತ್ತಿಗೆ ನಮ್ಮನ್ನು ಮನೆಗೆ ಕರೆಸಿಕೊಂಡರು. ಬಿಸಿಲೇರಿದ ಮೇಲೆ, ರೆಕ್ಕೆ ಒರೆಸಿ, ಹೊಸದಾಗಿ ಬಳಿದು, ಕೆಳಗಿನ ತೂತಿಗೆ ಹಾಕಿ ಓಡಿಸಿದರು. ಗೆರೆಗಳು ಬಾಚಣಿಗೆಯಿಂದ ಬಾಚಿದಂತೆ ಕೊನೆಯವರೆಗೆ.

ಇದಕ್ಕಿಂತ ಸಾಕ್ಷಿ ಬೇಕೆ? ರೆಕ್ಕೆ ಎಬ್ಬಿಸುವುದು ಹೆದರಿಕೆಯಷ್ಟೇ ಅಲ್ಲ, ಮೂರ್ಖತನ. ಅತ್ತಿಗೆ ಕೊಟ್ಟ ಎಳ್ಳುಬೆಲ್ಲ ಜೇಬಿನಲ್ಲೇ ಇದೆ, ತಿನ್ನಲು ಮರೆತೆ.

೧೫ ಜನವರಿ

ಗ್ಯಾರೇಜಿನಲ್ಲಿ ಜಗಳ. ಮಂಡಿಯ ಹಮಾಲರು ಚೀಲ ಇಳಿಸಿ ನಿಂತು ಕೇಳಿದರು.

"ಎಬ್ಬಿಸಿದ್ದಾಗ ಕೆರೆ ತಿರುವ್ನಲ್ಲಿ ಕಾರು ನೆಲ ಕಚ್ಕೊಂಡು ಹೋಯ್ತು. ಮಲಗಿಸಿದಾಗ ಬಾಲ ಅಲ್ಲಾಡ್ತು. ನನ್ನ ಕುಂಡಿಗೆ ಗೊತ್ತಾಯ್ತದೆ ಕಣ್ಲಾ" ಅಂದರು ನಂಜಪ್ಪಣ್ಣ.

"ನಿಮ್ಮ ಕುಂಡಿಯನ್ನು ಸಾಕ್ಷಿ ಎಂದು ಯಾವ ವಿಜ್ಞಾನವೂ ಒಪ್ಪುವುದಿಲ್ಲ" ಎಂದೆ. ಹಮಾಲರು ನಕ್ಕರು. ನಂಜಪ್ಪಣ್ಣನೂ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ನಗಬೇಡಿ. ಎಣ್ಣೆ ಸುಳ್ಳು ಹೇಳುವುದಿಲ್ಲ. ಮನುಷ್ಯ ಹೇಳುತ್ತಾನೆ. ಪುಕ್ಕಲರಿಗೆ ದಾರಿಯಲ್ಲಿ ತಿರುವು ಮಾತ್ರ ಕಾಣುತ್ತದೆ."

ಈ ಸಲ ಯಾರೂ ನಗಲಿಲ್ಲ. ನಂಜಪ್ಪಣ್ಣ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು, ಬೆರಳು ಬೆರಳಾಗಿ. ಆಮೇಲೆ ಒಳಗೆ ಹೋದರು.

ಸತ್ಯ ಹೇಳುವವನಿಗೆ ಮೃದುವಾಗಿರುವ ಹಕ್ಕಿಲ್ಲ.

೧೬ ಜನವರಿ

ನಂಜಪ್ಪಣ್ಣ ಬಿಡಿಭಾಗ ತರಲು ಹಾಸನಕ್ಕೆ ಹೋಗಿದ್ದಾಗ, ಗಂಗಯ್ಯನಿಗೆ ಹೇಳಿ ಮೇಲಿನ ತೂತನ್ನು ಬೆಸುಗೆ ಹಾಕಿಸಿ ಮುಚ್ಚಿಸಿದೆ. ಅಲ್ಲಿ ಹೋದ ಮೇಲೆ ಧೈರ್ಯ ಕುಂದಿದರೂ ಹಿಂದೆ ಸರಿಯಲು ದಾರಿ ಇರಬಾರದು.

"ಅವ್ರನ್ನ ಒಂದ್ಮಾತು ಕೇಳಾಣ" ಅಂದ ಗಂಗಯ್ಯ. ಕೇಳಿದ್ದೇನೆ ಎಂದೆ.

ಸಂಜೆ ಅವರು ಬಂದು ನೋಡಿದರು. ಬೆಸುಗೆಯ ಮೇಲೆ ಹೆಬ್ಬೆಟ್ಟು ಆಡಿಸಿದರು. "ಆಯ್ತು. ನೀವು ಹೇಳ್ದಂಗೇ ಆಗ್ಲಿ ಅನಂತರಾಜರೇ."

೨೦ ಜನವರಿ

ಗ್ಯಾರೇಜಿಗೆ ಹೋಗಿದ್ದೆ. "ಬನ್ನಿ, ಕೂತ್ಕೊಳ್ಳಿ" ಎಂದು ಸ್ಟೂಲು ಒರೆಸಿ ಕೊಟ್ಟರು. ಟೀ ತರಿಸಿದರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನೀವು, ನೀವು, ನೀವು.

ಕೊನೆಗೂ ನಮ್ಮ ನಡುವೆ ಸಮಾನತೆ ಬಂದಿದೆ. ಸಂತೋಷವಾಗಬೇಕು.

೨೩ ಜನವರಿ

ಹೋಗಲಿಲ್ಲ.

೨೫ ಜನವರಿ

ಹೋಗಿದ್ದೆ. ಸ್ಟೂಲು ಒರೆಸಿದರು.

೨೯ ಜನವರಿ

ಕಾರನ್ನು ಲಾರಿಗೆ ಹತ್ತಿಸಿ, ತಾಡಪಾಲು ಕಟ್ಟಿ, ನಂಜಪ್ಪಣ್ಣ ಮತ್ತು ಗಂಗಯ್ಯ ಹೊರಟರು. ನಾನೂ ಚೀಲ ತಂದಿದ್ದೆ.

"ಮುಂದುಗಡೆ ಜಾಗ ಇಲ್ಲ. ನಿಮಗ್ಯಾಕೆ ಸುಮ್ನೆ ತೊಂದ್ರೆ" ಅಂದರು. ಲಾರಿಯಲ್ಲಿ ಜಾಗ ಇತ್ತು.

ಲಾರಿ ಹೋದ ಮೇಲೆ ಅತ್ತಿಗೆ ಕಸ ಗುಡಿಸುತ್ತಲೇ ಕೇಳಿದರು: "ಅನಂತಣ್ಣ, ನಂಗೆ ರೆಕ್ಕೆ ಗಿಕ್ಕೆ ತಿಳಿಯಾಕಿಲ್ಲ. ಅದು ತಿರುವ್ನಲ್ಲಿ ನಿಲ್ತದಾ? ಅಷ್ಟು ಹೇಳು."

"ನಿಲ್ಲುತ್ತದೆ ಅತ್ತಿಗೆ. ಪರೀಕ್ಷೆ ಮಾಡಿದ್ದೇವೆ."

"ನೀನು ಸುಳ್ಳು ಹೇಳೋನಲ್ಲ" ಅಂದು ಮತ್ತೆ ಗುಡಿಸತೊಡಗಿದರು.

ರೂಮಿಗೆ ಬಂದೆ. ಹೊತ್ತು ಮುಳುಗಿರಲಿಲ್ಲ, ಆದರೂ ಊಟ ಮಾಡಲಿಲ್ಲ.

೩೧ ಜನವರಿ, ಬಸ್ತಿಹಳ್ಳಿ

ನಿನ್ನೆ ಮಂಡಿಗೆ ರಜೆ ಹೇಳಿ ಜಾವಗಲ್ ಮೇಲೆ ಬರುವ ಬಸ್ಸಿಗೆ ಅಮ್ಮನ ಹತ್ತಿರ ಬಂದೆ. ಅಮ್ಮ ಏನೂ ಕೇಳಲಿಲ್ಲ. ರಾತ್ರಿ ಮಲಗುವಾಗ ಮಾತ್ರ, "ಅಷ್ಟು ಜೋರಾಗಿ ಓಡೋ ಕಾರಿಗೆ ಎಷ್ಟು ಹುಳ ಬಡೀತವೋ" ಅಂದಳು. ರೆಕ್ಕೆಯನ್ನು ಒರೆಸುವಾಗ ಅಂಟಿದ್ದ ಹುಳಗಳನ್ನು ನೋಡಿದ್ದೆ.

ಬೆಳಗ್ಗೆ ಅಮ್ಮ ಎಣ್ಣೆನೀರು ಮಾಡಿಕೋ ಎಂದಳು. ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸಿದೆ. ಬರಲಿಲ್ಲ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಈ ಚಳೀಲಿ ಎಲ್ಲಿ ಬರತ್ತೋ? ಬಿಸಿಲಿಗಿಡು, ಕರಗತ್ತೆ. ಹುಟ್ಟಿದಾಗಿಂದ ನೋಡಿಲ್ವಾ?"

ನೋಡಿದ್ದೇನೆ. ಹುಟ್ಟಿದಾಗಿನಿಂದ ಪ್ರತಿ ಚಳಿಗಾಲವೂ ನೋಡಿದ್ದೇನೆ. ಸೀಸೆ ಹಿಡಿದುಕೊಂಡೇ ಬಚ್ಚಲ ಬಾಗಿಲಲ್ಲಿ ಕೂತುಬಿಟ್ಟೆ.

ಆವತ್ತು ಎಣ್ಣೆ ಒಲೆಯ ಪಕ್ಕದಿಂದ ಬಂದಿತ್ತು, ತೆಳುವಾಗಿತ್ತು. ಬಳಿದ ಮೇಲೆ ಮಂಜಿನಲ್ಲಿ ಓಡಿಸಿದೆವು. ಗಾಳಿ ಜೋರಾಗಿ ಉಜ್ಜುವ ಮುಂದಿನ ಅರ್ಧದಲ್ಲಿ ಮಾತ್ರ ಎಣ್ಣೆ ಹರಿಯಿತು. ಹಿಂದಿನ ಅರ್ಧದಲ್ಲಿ ಅದು ನಿಂತದ್ದು ಗಾಳಿ ಬಿಟ್ಟುಹೋಗಿದ್ದರಿಂದಲ್ಲ, ಎಣ್ಣೆ ಹೆಪ್ಪುಗಟ್ಟಿದ್ದರಿಂದ. ವಿಭೂತಿ ಕಲಸಿದ್ದರಿಂದ ಮೊದಲೇ ಬೆಳ್ಳಗಿತ್ತು, ಗೊತ್ತಾಗಲಿಲ್ಲ. ರೆಕ್ಕೆ ಮಲಗಿಸಿ ಓಡಿಸಿದ್ದು ಬಿಸಿಲೇರಿದ ಮೇಲೆ.

ಅಮ್ಮನ ಹಿತ್ತಾಳೆ ತಟ್ಟೆಯ ಮೇಲೆ ಬೆಚ್ಚಗಿನ ಎಣ್ಣೆಗೆ ಒಲೆಬೂದಿ ಕಲಸಿ ಬಳಿದೆ. ಚಳಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಓರೆಯಾಗಿ ನಿಲ್ಲಿಸಿದೆ. ಹನಿ ಕದಲಲಿಲ್ಲ. ಬಿಸಿಲಿಗೆ ತಂದೆ. ಹರಿಯಿತು.

ಎಬ್ಬಿಸಿದ ರೆಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅವರ ಕುಂಡಿ ಹೇಳಿದ್ದು ನಿಜ. ಮತ್ತು ನಾನು ಆ ತೂತನ್ನು ಮುಚ್ಚಿಸಿದ್ದೇನೆ. ಮತ್ತು ಅತ್ತಿಗೆಗೆ ನಿಲ್ಲುತ್ತದೆ ಎಂದಿದ್ದೇನೆ.

"ಎಣ್ಣೆ ಹಚ್ಚಿಕೊಂಡಿಲ್ಲ, ಎಲ್ಲಿಗೋ?" ಅಮ್ಮ ಕೂಗುತ್ತಿದ್ದಾಳೆ. ಬಸ್ಸಿನ ಹೊತ್ತಾಯಿತು.

೧ ಫೆಬ್ರವರಿ, ರೈಲಿನಲ್ಲಿ

ಟ್ರಂಕ್ ಕಾಲ್ ಮಾಡಲು ಶೋಲಾವರಂ ಮೈದಾನದ ನಂಬರು ಯಾರಿಗೂ ಗೊತ್ತಿಲ್ಲ. ತಂತಿ ಕೊಟ್ಟರೆ ಯಾರ ಹೆಸರಿಗೆ, ಯಾವ ಮನೆಗೆ? ಬೆಂಗಳೂರಿನಲ್ಲಿ ರೈಲು ಬದಲಿಸಿದೆ. ಎದುರಿನ ಸೀಟಿನವರು ಚಿತ್ರಾನ್ನ ಕೊಟ್ಟರು, ಎಲ್ಲಿಗೆ ಎಂದು ಕೇಳಿದರು. ಸ್ನೇಹಿತರ ಹತ್ತಿರ ಎಂದೆ. ಆ ಮಾತು ಬಾಯಿಗೆ ಹೊಸದಾಗಿತ್ತು. ಇದುವರೆಗೆ ಕಾಮ್ರೇಡ್ ಎನ್ನುತ್ತಿದ್ದೆ.

೩ ಫೆಬ್ರವರಿ, ಶೋಲಾವರಂ

ಇಲ್ಲಿ ಎಣ್ಣೆಯೇನು, ಮನುಷ್ಯನೇ ಕರಗುತ್ತಾನೆ. ಮದ್ರಾಸಿನಿಂದ ಬಸ್ಸು ಹಿಡಿದು ದಾರಿ ತಪ್ಪಿ, ನಿನ್ನೆ ಇಳಿಹೊತ್ತಿಗೆ ಬಂದು ಮುಟ್ಟಿದೆ. ಕಾರುಗಳ ಸಾಲಿನ ಕೊನೆಯಲ್ಲಿ ನಮ್ಮದು. ನಂಜಪ್ಪಣ್ಣ ಚಕ್ರದ ಪಕ್ಕ ಕೂತಿದ್ದರು.

"ಬಂದ್ರಾ. ಊಟ ಆಯ್ತಾ?"

ಅಲ್ಲೇ, ಗಂಗಯ್ಯ ಮತ್ತು ಪಕ್ಕದ ತಂಡದವರ ಎದುರಿಗೇ ಹೇಳಿದೆ. ಎಣ್ಣೆ ಹೆಪ್ಪುಗಟ್ಟಿತ್ತು. ನಾನು ತಪ್ಪು ಓದಿದೆ. ಮೇಲಿನ ತೂತೇ ಸರಿ.

"ಕೊಬ್ರಿ ಸೀಮೆಯೋನು ಕೊಬ್ರಿ ಎಣ್ಣೆ ಮರ್ತನಾ!" ಗಂಗಯ್ಯ ತಲೆ ಚಚ್ಚಿಕೊಂಡ.

ನಂಜಪ್ಪಣ್ಣ ನಗಲಿಲ್ಲ. "ಪ್ರಾಕ್ಟೀಸಿನಲ್ಲಿ ನೇರದಲ್ಲಿ ಚೆನ್ನಾಗಿ ಓಡ್ತು. ದೊಡ್ಡ ದೊಡ್ಡೋರೇ ಬಂದು ನೋಡ್ಕೊಂಡು ಹೋದ್ರು. ಹಿಂಗೇ ಓಡಿಸ್ತೀನಿ."

"ತಿರುವಿನಲ್ಲಿ?"

"ಪುಕ್ಕಲರಿಗೆ ತಾನೆ ಸ್ವಾಮಿ, ತಿರುವು ಕಾಣೋದು."

ನನ್ನ ಮಾತು ನನಗೆ ಇಷ್ಟು ಚೆನ್ನಾಗಿ ನೆನಪಿರಲಿಲ್ಲ.

ಗಂಗಯ್ಯ ಪಕ್ಕಕ್ಕೆ ಕರೆದು ಹೇಳಿದ: ಪ್ರಾಕ್ಟೀಸಿನಲ್ಲಿ ಬಾಲ ಎರಡು ಸಲ ಹೋಯಿತಂತೆ, ಡ್ರಮ್ಮಿನ ಹತ್ತಿರದವರೆಗೂ. "ಎರಡ್ನೇ ಸಲ ಇಳಿದ್ಮೇಲೆ ಒಂದು ಚೊಂಬು ನೀರು ಕುಡಿದ್ರು. ಆದ್ರೂ ನಿಧಾನ ಮಾಡಾಕಿಲ್ಲ ಕಣಪ್ಪ ಅವ್ರು. ಹಟ."

ಹಟವಲ್ಲ. ಅದು ನಾನು ಆಡಿದ ಮಾತು.

ಇವತ್ತು ಬೆಳಗ್ಗೆ ಹೋಗಿ ನಿಂತೆ. "ಮುಚ್ಚುವಾಗ ನಿಮ್ಮನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ತೂತು ಕೊರೆಯಲು ಬಿಡಿ. ಕೊರೆದಿಟ್ಟು ಹೋಗುತ್ತೇನೆ. ಬೋಲ್ಟ್ ಯಾವುದಕ್ಕೆ ಹಾಕಬೇಕು ಎಂದು ಹೇಳುವುದಿಲ್ಲ."

ಬೆಸುಗೆಯ ಮೇಲೆ ಇನ್ನೊಮ್ಮೆ ಹೆಬ್ಬೆಟ್ಟು ಆಡಿಸಿ, "ಕೊರೀರಿ" ಅಂದರು.

ಪಕ್ಕದ ತಂಡದವರ ಕೈ ಡ್ರಿಲ್ಲು ಸಿಕ್ಕಿತು. ಗಂಗಯ್ಯ ಬೆಸುಗೆಯನ್ನು ಎಷ್ಟು ಚೆನ್ನಾಗಿ ಹಾಕಿದ್ದನೆಂದರೆ ಮಧ್ಯಾಹ್ನವೆಲ್ಲ ಹಿಡಿಯಿತು. "ನಾನು ಮಾಡ್ತೀನಿ ಕೊಡು" ಅಂದ. ಕೊಡಲಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿವೆ. ಅಕ್ಷರ ಸರಿಯಾಗಿ ಬರುತ್ತಿಲ್ಲ. ಸಂಜೆ ಮೈದಾನದಾಚೆಯ ಅಂಗಡಿಯಲ್ಲಿ, ಹೊತ್ತು ಮುಳುಗುವ ಮುನ್ನ, ಎರಡು ಬಾಳೆಹಣ್ಣು ತಿಂದೆ. ನಮ್ಮವರಿಬ್ಬರೂ ಕಾರಿನ ಹತ್ತಿರವೇ ಉಳಿದಿದ್ದರು.

೪ ಫೆಬ್ರವರಿ

ಬೋಲ್ಟ್ ಯಾವಾಗ ಹಾಕಿದರೋ ಗೊತ್ತಿಲ್ಲ. ನಾನು ಹತ್ತಿರ ಹೋಗಲಿಲ್ಲ. ಬೇಲಿಯ ಹೊರಗೆ ಜನರ ನಡುವೆ, ತಿರುವಿನ ಎದುರಿಗೆ ನಿಂತೆ. ಎಲ್ಲರೂ ಬೇರೆ ಬೇರೆ ಕಾರುಗಳ ಹೆಸರು ಕೂಗುತ್ತಿದ್ದರು. ನಮ್ಮದರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಕಾರು ನನ್ನ ಮುಂದೆ ಹಾದುಹೋಯಿತು. ಹಿಂದಿನಿಂದ ನೋಡಿದೆ. ರೆಕ್ಕೆ ಎದ್ದಿತ್ತು.

ನೇರ ದಾರಿಯಲ್ಲಿ ಒಂದೊಂದೇ ಕಾರು ನಮ್ಮನ್ನು ದಾಟಿಹೋಯಿತು. ಗಿರಣಿಯವರವು, ಎಸ್ಟೇಟಿನವರವು. ಪಕ್ಕದವನು ನಮ್ಮ ಕಾರನ್ನು ತೋರಿಸಿ ಏನೋ ಹೇಳಿ ನಕ್ಕ. ನಗಲಿ ಅನ್ನಿಸಿತು. ಸುತ್ತು ಬರುವುದು ತಡವಾದಾಗಲೆಲ್ಲ ಬೇಲಿಯ ತಂತಿ ಹಿಡಿದುಕೊಳ್ಳುತ್ತಿದ್ದ ಕೈ ಉರಿಯುತ್ತಿತ್ತು.

ಕೊನೆಯ ಸುತ್ತುಗಳಲ್ಲಿ ಒಂದು ಸಲ, ಮುಂದಿನ ಕಾರು ಸುರಿಸಿದ ಎಣ್ಣೆಯ ಮೇಲೆ ನಂಜಪ್ಪಣ್ಣನ ಹಿಂದಿನ ಚಕ್ರ ಹೋಯಿತು. ಬಾಲ ತಿರುಗಿತು. ಡ್ರಮ್ಮುಗಳ ಕಡೆಗೆ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಧೂಳಿತ್ತು, ಡ್ರಮ್ಮುಗಳು ನಿಂತಿದ್ದವು, ಕಾರು ಮುಂದೆ ಹೋಗಿತ್ತು.

ಏನಾಯಿತೆಂದು ನೋಡಿದವನು ಗಂಗಯ್ಯ. "ಹೋಯ್ತು ಅಂದ್ಕಂಡೆ. ಯಾರೋ ಮೇಲಿಂದ ಕೈಯಿಟ್ಟು ಒತ್ತಿದಂಗೆ ಕೂತ್ಕಂತು" ಅಂದ. ಮೇಲಿನ ತೂತಿನಿಂದಲೇ ಉಳಿದರೋ? ಮಲಗಿಸಿದ್ದರೆ ಏನಾಗುತ್ತಿತ್ತು? ಸಾಕ್ಷಿಯಿಲ್ಲ. ಬೇಡ.

ಕೊನೆಯಿಂದ ಮೂರನೆಯವರಾಗಿ ಬಂದರು. ನಡೆದುಕೊಂಡು ಬಂದರು, ತಮ್ಮ ಕಾಲಿನ ಮೇಲೆ.

ಲಾರಿಗೆ ಕಾರು ಹತ್ತಿಸಿದ ಮೇಲೆ, "ನೀವು ರೈಲಲ್ಲಿ ಬನ್ನಿ, ಆರಾಮಾಗಿರ್ತದೆ" ಅಂದರು.

೮ ಫೆಬ್ರವರಿ, ಅರಸೀಕೆರೆ

ಮಂಡಿ. ತೂಕ. ರೂಮು. ಸಂಜೆ ಓದುಗರ ಬಳಗದವರೊಬ್ಬರು ಸ್ಟೇಷನ್ನಿನ ಹತ್ತಿರ ಸಿಕ್ಕಿ, "ಏನಾಯ್ತು ನಿಮ್ಮ ಕ್ರಾಂತಿ?" ಎಂದು ಕೇಳಿದರು. ಕೊನೆಯಿಂದ ಮೂರನೆಯದು ಎಂದೆ. ಅವರು ನಕ್ಕರು. ನಾನು ರೂಮಿನ ಕಡೆ ನಡೆದೆ.

ಕರಪತ್ರದ ಕಟ್ಟು ಮಂಚದ ಕೆಳಗೆ ಕಾಲಿಗೆ ತಗಲುತ್ತದೆ.

೧೦ ಫೆಬ್ರವರಿ

ಅತ್ತಿಗೆಗೆ ಕೊಟ್ಟ ಮಾತು ಸುಳ್ಳಾಗಿತ್ತು ಎಂದು ಅವರಿಗೆ ನಾನೇ ಹೇಳಬೇಕು. ಇವತ್ತು ಮಂಡಿ ಬೇಗ ಮುಚ್ಚಿತು. ನಂಜಪ್ಪಣ್ಣ ಯಾವುದೋ ಲಾರಿಯ ಕೆಳಗೆ ಇದ್ದರು. ಕಾಲು ಮಾತ್ರ ಕಾಣುತ್ತಿತ್ತು. ಹಿತ್ತಲಿಗೆ ಹೋಗಿ ಅತ್ತಿಗೆಗೆ ಎಲ್ಲ ಹೇಳಿದೆ.

"ಗೊತ್ತು" ಅಂದರು. "ಬಂದ ದಿನವೇ ಹೇಳಿದ್ರು. ಆ ನನ್ಮಗ ಕೈಯೆಲ್ಲ ಬೊಕ್ಕೆ ಎಬ್ಬಿಸ್ಕೊಂಡು ಕೊರೆದ ಅಂತ. ಎಲ್ಲಿ, ತೋರ್ಸು."

ಕೈ ಹಿಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ನಂಜಪ್ಪಣ್ಣ ಬಂದು ತೊಟ್ಟಿಯ ಹತ್ತಿರ ಕೈಕಾಲು ತೊಳೆಯತೊಡಗಿದರು.

"ಎಲೆ ಹಾಕೇ" ಅಂದರು, ನನ್ನನ್ನು ನೋಡದೆ.

"ಇಷ್ಟೊತ್ಗಾ? ಹಸ ಇನ್ನೂ ಮನೆಗೆ ಬಂದಿಲ್ಲ."

"ಹಾಕು ಅಂದ್ನಲ್ಲ."

"ಮೂರು ದಿನದಿಂದ ಬೆಳ್ಳುಳ್ಳಿ ಇಲ್ದಿದ್ ಸಾರೇ ಮಾಡಿಸ್ತಾವ್ರೆ" ಅತ್ತಿಗೆ ನನ್ನ ಕಡೆ ತಿರುಗಿ ಗೊಣಗಿದರು. "ನಾಲಿಗೆಗೆ ಒಂದೀಟೂ ರುಚಿಯಿಲ್ಲ. ನೀನ್ಯಾಕೆ ಬರ್ನಿಲ್ಲ?"

ನಾನು ಅಲ್ಲೇ ನಿಂತಿದ್ದೆ. ನಂಜಪ್ಪಣ್ಣ ತೆಂಗಿನ ಮರಗಳಾಚೆ ಹೊತ್ತನ್ನೊಮ್ಮೆ ನೋಡಿ, ಟವೆಲು ಹೆಗಲಿಗೆ ಹಾಕಿಕೊಂಡರು.

"ಏನ್ಲಾ ಹಂಗೆ ಕಂಬದಂಗೆ ನಿಂತಿದ್ದೀಯ? ಹೊತ್ತು ಮುಳುಗಿದ್ರೆ ಮತ್ತೆ ನಿನ್ ಗಂಟ್ಲಲ್ಲಿ ಇಳಿಯಾಕಿಲ್ಲ. ಕೂತ್ಕ."

ಮುದ್ದೆ, ಅವರೆಕಾಳಿನ ಸಾರು, ಮಜ್ಜಿಗೆ. ಹಸಿವೇ ಇಲ್ಲ ಎನ್ನುತ್ತ ನಂಜಪ್ಪಣ್ಣ ಎರಡು ಮುದ್ದೆ ಉಂಡರು. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು; ಇನ್ನೊಂದು ಸೌಟು ಹಾಕಿಸಿಕೊಂಡೆ. ಕೈ ತೊಳೆಯುವಾಗ ಇನ್ನೂ ಬೆಳಕಿತ್ತು.